ಅಂಜದೀವ

ಅಂಜದೀವ ಅರಬ್ಬೀ ಸಮುದ್ರದಲ್ಲಿ, ಕಾರವಾರಕ್ಕೆ ದಕ್ಷಿಣವಾಗಿ ಬಿಣಗಾ ತೀರದ ಎದುರಿಗಿರುವ ದ್ವೀಪ. ವಿಸ್ತೀರ್ಣ ಸುಮಾರು ಒಂದೂವರೆ ಚದರ ಕಿಲೋಮೀಟರು. ಉತ್ತರ ಕನ್ನಡದ ಮಗ್ಗುಲಲ್ಲೇ ಇದ್ದರೂ ಆಡಳಿತ ಗೋವಾದ ಕಾಣಕೋಣ ತಾಲ್ಲೂಕಿನದು. ಪೋರ್ಚುಗೀಸರ ಕಾಲದ ಗಡಿ ಇನ್ನೂ ಅಳಿಸಿಲ್ಲ. ಮೆಡಿಟರೇನಿಯನ್ನಿನ ಮಾಲ್ಟಾದಂತೆ ಇದನ್ನೂ ಕಡಲಿನ ಶಕ್ತಿಗಳು ನೆಲೆಗಾಗಿ ಬಯಸಿದವು. ಆದರೆ ಮಾಲ್ಟಾದಲ್ಲಿ ಊರೂ ಭಾಷೆಯೂ ಬೆಳೆದವು, ಅಂಜದೀವದಲ್ಲಿ ನೆಲೆಸಿದವರಿಗಿಂತ ಹಾದುಹೋದವರೇ ಹೆಚ್ಚು.

ಅವರನ್ನು ಎಳೆದದ್ದು ಸಿಹಿನೀರು. ಮೊರಾಕೊದ ಪ್ರವಾಸಿ ಇಬ್ನ್ ಬತೂತ ಸುಮಾರು 1342ರಲ್ಲಿ ಗೋವಾದಿಂದ ದಕ್ಷಿಣಕ್ಕೆ ಸಾಗುವಾಗ ತೀರದ ಬಳಿಯ ಒಂದು ದ್ವೀಪದಲ್ಲಿ ಇಳಿದ. ಅಲ್ಲಿ ಗುಡಿ, ತೋಟ, ನೀರಿನ ಕೊಳ ಇದ್ದವು, ಒಬ್ಬ ಜೋಗಿಯೂ ಇದ್ದ. ವಿದ್ವಾಂಸರು ಅದನ್ನು ಅಂಜದೀವವೆಂದೇ ಗುರುತಿಸುತ್ತಾರೆ. 1498ರಲ್ಲಿ ಬಂದ ವಾಸ್ಕೋ ಡ ಗಾಮನ ಸಂಗಡಿಗರು ಕಂಡದ್ದು ಪಾಳುಬಿದ್ದ ಕಲ್ಲುಕಟ್ಟಡ, ಕೆತ್ತಿದ ಕಲ್ಲಿನ ಕೊಳ, ಹುಲ್ಲಿನ ಮಾಡಿನ ಕೆಳಗೆ ಪೂಜೆಗೊಳ್ಳುತ್ತಿದ್ದ ಮೂರು ಕಪ್ಪು ಕಲ್ಲುಗಳು. ನಡುವಿನ ಒಂದೂವರೆ ಶತಮಾನದಲ್ಲಿ ಗುಡಿ ಕುಸಿದಿತ್ತು, ಪೂಜೆ ನಿಂತಿರಲಿಲ್ಲ. ಅಂಕೋಲೆಯ ಆರ್ಯಾದುರ್ಗೆಯ ಮೂರ್ತಿ ಈ ದ್ವೀಪದಿಂದಲೇ ಹೋದದ್ದೆಂಬ ನಂಬಿಕೆ ಕರಾವಳಿಯಲ್ಲಿದೆ.

ಗಾಮ ಇಲ್ಲಿ ನಿಂತದ್ದು ಹಿಂದಿರುಗುವ ಪಯಣಕ್ಕೆ ಮುನ್ನ ಹಡಗುಗಳ ದುರಸ್ತಿಗೆ. ಹೊನ್ನಾವರದ ಕಡಲ ನಾಯಕ ತಿಮ್ಮಯ್ಯ ಎಂಟು ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಸೊಪ್ಪುಸದೆ ಹೊದಿಸಿ, ತೇಲುವ ಹಸಿರುಗುಡ್ಡೆಯಂತೆ ಮಾಡಿ ಮೇಲೆ ಬಿದ್ದನೆಂದು ಪೋರ್ಚುಗೀಸ್ ಚರಿತ್ರಕಾರರು ಬರೆದಿದ್ದಾರೆ. ಫಿರಂಗಿಯ ಮುಂದೆ ಆ ಉಪಾಯ ನಡೆಯಲಿಲ್ಲ. ಅದೇ ತಿಮ್ಮಯ್ಯ 1510ರಲ್ಲಿ ಗೋವಾ ಗೆಲ್ಲಲು ಪೋರ್ಚುಗೀಸ್ ಸೇನಾನಿ ಆಲ್ಬುಕರ್ಕನ ಬೆನ್ನಿಗೆ ನಿಂತ. ಗೋವಾದ ಅಧಿಪತಿಯ ಸೇವೆಯಲ್ಲಿದ್ದ ಯುರೋಪಿನ ಮೂಲದ ಒಬ್ಬ ಯಹೂದಿಯೂ ದ್ವೀಪದಲ್ಲಿ ಸೆರೆಸಿಕ್ಕ. ಗ್ಯಾಸ್ಪರ್ ಡ ಗಾಮ ಎಂಬ ಹೊಸ ಹೆಸರಿನಿಂದ ಮುಂದೆ ಪೋರ್ಚುಗೀಸರ ದುಭಾಷಿಯಾದ.

1505ರ ಸೆಪ್ಟೆಂಬರಿನಲ್ಲಿ ಪೋರ್ಚುಗೀಸ್ ವೈಸರಾಯ್ ಫ್ರಾನ್ಸಿಸ್ಕೋ ಡಿ ಅಲ್ಮೇಡ ಇಲ್ಲಿ ಕೋಟೆ ಕಟ್ಟಿಸಿದ. ಗೋವಾ ಆಗ ವಿಜಯಪುರದ ಆದಿಲಶಾಹಿಗಳ ಬಂದರು; ಕಣ್ಣೆದುರಿನ ಕೋಟೆಯನ್ನು ಅವರು ಸಹಿಸಲಿಲ್ಲ, ಮರುವರ್ಷವೇ ದಾಳಿಯಾಯಿತು. ಬೇಗನೆ ಪೋರ್ಚುಗೀಸರೇ ಕೋಟೆ ಕೆಡವಿ ಹೊರಟರು.

ದ್ವೀಪದ ಕರಾಳ ಅಧ್ಯಾಯ ಇಂಗ್ಲಿಷರದು. ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್‌ನ ಮದುವೆಯ ಬಳುವಳಿಯಾಗಿ ಸಿಕ್ಕ ಮುಂಬಯಿಯನ್ನು ವಶಕ್ಕೆ ಪಡೆಯಲು 1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್ ಸೈನ್ಯದೊಂದಿಗೆ ಬಂದ. ಪೋರ್ಚುಗೀಸ್ ಅಧಿಕಾರಿಗಳು ಊರು ಬಿಟ್ಟುಕೊಡಲಿಲ್ಲ. ಸೈನಿಕರು ಅಂಜದೀವದಲ್ಲಿ ಬೀಡುಬಿಟ್ಟು ಎರಡು ವರ್ಷಕ್ಕೂ ಹೆಚ್ಚು ಕಾದರು. ಜ್ವರ, ಮಳೆ, ಅರೆಹೊಟ್ಟೆ ಅವರನ್ನು ತಿಂದುಹಾಕಿದವು. ಶಿಪ್‌ಮನ್ ಕೂಡ 1664ರಲ್ಲಿ ಇಲ್ಲೇ ಸತ್ತ. 1665ರಲ್ಲಿ ಅವನ ಸ್ಥಾನಕ್ಕೆ ಬಂದ ಹಂಫ್ರಿ ಕುಕ್ ಮುಂಬಯಿಗೆ ಕರೆದೊಯ್ದದ್ದು ಸುಮಾರು ನೂರು ಮಂದಿಯನ್ನಷ್ಟೇ. ಮುಂಬಯಿಯ ಇಂಗ್ಲಿಷ್ ಆಳ್ವಿಕೆಯ ಮೊದಲ ಗೋರಿಗಳು ಮುಂಬಯಿಯಲ್ಲಿಲ್ಲ.

1682ರಲ್ಲಿ ಮರಾಠಾ ದೊರೆ ಸಂಭಾಜಿ ದ್ವೀಪದ ಮೇಲೆ ಕಣ್ಣಿಟ್ಟಾಗ ಪೋರ್ಚುಗೀಸರು ಮುಂಚಿತವಾಗಿಯೇ ಬಂದು ಹೊಸ ಕೋಟೆ ಕಟ್ಟಿದರು. ಬ್ರೋತಸ್ ಮಾತೆಯ ಇಗರ್ಜಿ ದ್ವೀಪದ ಮುಖ್ಯ ಆರಾಧನಾಲಯವಾಯಿತು. ಟಿಪ್ಪುವಿನ ಕಾಲದಲ್ಲಿ ಬಿದನೂರು, ಮಂಗಳೂರು ಕಡೆಗಳಿಂದ ಓಡಿಬಂದ ಕ್ರೈಸ್ತರಿಗೂ ಹಿಂದೂಗಳಿಗೂ ಇದು ಆಸರೆಯಾಯಿತು. ಆಮೇಲೆ ಕೈದಿಗಳನ್ನು ಇಡುವ ಜಾಗವಾಗಿ ಉಳಿಯಿತು.

1961ರ ನವೆಂಬರಿನಲ್ಲಿ ಇಲ್ಲಿನ ಪೋರ್ಚುಗೀಸ್ ಪಹರೆ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೂ ಮೀನುಗಾರರ ಮೇಲೂ ಗುಂಡು ಹಾರಿಸಿತು. ಗೋವಾ ವಿಮೋಚನೆಯ ಕಾರ್ಯಾಚರಣೆಗೆ ಒದಗಿದ ಕಾರಣಗಳಲ್ಲಿ ಇದೂ ಒಂದು. ಡಿಸೆಂಬರ್ 18ರಂದು ಐಎನ್‌ಎಸ್ ಮೈಸೂರು ಮತ್ತು ತ್ರಿಶೂಲ್ ಹಡಗುಗಳ ನಾವಿಕರು ದ್ವೀಪಕ್ಕೆ ಇಳಿದರು. ಬಿಳಿ ಬಾವುಟ ಹಾರಿಸಿದ್ದ ಪಹರೆಯವರು ಅವರ ಮೇಲೆ ಗುಂಡಿನ ಮಳೆಗರೆದರು. ಏಳು ಮಂದಿ ಸತ್ತರು. ಮಾರನೆಯ ದಿನ ದ್ವೀಪ ಭಾರತದ ಕೈಸೇರಿತು.

ಕಾರವಾರದ ‘ಸೀಬರ್ಡ್’ ನೌಕಾನೆಲೆಗೆ ರಾಜೀವ್ ಗಾಂಧಿ 1986ರಲ್ಲಿ ಅಡಿಗಲ್ಲು ಹಾಕಿದರು. ಅಲ್ಲಿನ ಐಎನ್‌ಎಸ್ ಕದಂಬ ನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಬಂದರಿಗಾಗಿ ಕಟ್ಟಿದ ಅಲೆತಡೆಗೋಡೆ ಅಂಜದೀವವನ್ನು ದಡಕ್ಕೆ ಜೋಡಿಸಿದೆ. ಕೋಟೆ, ಇಗರ್ಜಿ, ಕೊಳ ಎಲ್ಲವೂ ನೌಕಾಪಡೆಯ ವಶದಲ್ಲಿದ್ದು ಸಾರ್ವಜನಿಕರಿಗೆ ಮುಕ್ತ ಪ್ರವೇಶವಿಲ್ಲ. ವಾರ್ಷಿಕ ಹಬ್ಬಕ್ಕೆ ದೋಣಿಯಲ್ಲಿ ಬರುತ್ತಿದ್ದ ಗೋವಾದ ಕ್ರೈಸ್ತರು ಆ ಹಕ್ಕನ್ನು ಮರಳಿ ಕೇಳುತ್ತ ಬಂದಿದ್ದಾರೆ.