ಹೆಗಲ ಮೇಲಿನ ಬೂದಿ

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕಳ್ಳನು ಹೆಗಲನ್ನೇ ಏಕೆ ಮುಟ್ಟಿ ನೋಡಿಕೊಳ್ಳಬೇಕು? ಕಾಯಿಯ ಮೈಮೇಲಿನ ಬೂದಿ ಅಲ್ಲಿ ಅಂಟಿಕೊಂಡು ತನ್ನ ಗುಟ್ಟನ್ನು ಹೊರಗೆಡಹೀತೆಂಬ ಅಂಜಿಕೆಯಿಂದ. ಆದರೆ ಗೋಕಾಕದ ಸಂತೆಯಲ್ಲಿ ಇಂದು ಕುಂಬಳಕಾಯಿ ಕೇಳಿದರೆ ಕೈಗೆ ಬರುವ ಕಾಯಿಗೆ ಹೆಗಲಿಗಂಟುವ ಬೂದಿಯಿಲ್ಲ. ಏಣೇಣಾದ ಮೈ, ಹೊರಗೆ ಹಸಿರು ಇಲ್ಲವೆ ಕಂದು, ಒಳಗೆ ಅರಿಷಿಣಗೆಂಪು. ಅದನ್ನು ಕದ್ದವನು ನಿಶ್ಚಿಂತೆಯಿಂದ ಇರಬಹುದು!

ಗಾದೆಯ ಕುಂಬಳ ಬೇರೆ, ಹಿತ್ತಲಿನ ಕುಂಬಳ ಬೇರೆ. ಮೊದಲನೆಯದು ಬೂದುಗುಂಬಳ, ಸಂಸ್ಕೃತದ ಕೂಷ್ಮಾಂಡ. ಏಷ್ಯಾಖಂಡದ ಹಳೆಯ ಬಳ್ಳಿ. ಎರಡನೆಯದು ಅಮೇರಿಕದ ಬಳ್ಳಿ. 1492ರಲ್ಲಿ ಕೊಲಂಬಸನು ಆ ದಡವನ್ನು ಮುಟ್ಟುವ ಮೊದಲು ನಮ್ಮ ಸೀಮೆಯಲ್ಲಿ ಅದನ್ನು ಕಂಡವರಿರಲಿಲ್ಲ.

ಈ ಸಂಗತಿಯನ್ನು ನೆರೆಹೊರೆಯ ಮಾತುಗಳು ಮರೆತಿಲ್ಲ. ತಮಿಳರು ಇದನ್ನು ಪರಂಗಿಕ್ಕಾಯಿ, ಎಂದರೆ ಪರಂಗಿಯವರ ಕಾಯಿ, ಎನ್ನುತ್ತಾರೆ. ನಮ್ಮ ಕರಾವಳಿ ಮಲೆನಾಡುಗಳಲ್ಲಿ ಇದು ಚೀನಿಕಾಯಿ. ಚೀನಾಕ್ಕೂ ಇದರ ಹುಟ್ಟಿಗೂ ಸಂಬಂಧವಿಲ್ಲ, ಪರದೇಶದ್ದೆಂಬ ಗುರುತು ಅಷ್ಟೆ. ಮಲಯಾಳಿಗಳಿಗೆ ‘ಕುಂಬಳಂ’ ಎಂದರೆ ಈಗಲೂ ಬೂದುಗುಂಬಳವೇ. ಇದಕ್ಕೆ ಅವರು ‘ಮತ್ತನ್’ ಎಂಬ ಬೇರೆ ಹೆಸರನ್ನಿಟ್ಟರು. ಹುಕ್ಕೇರಿಯಿಂದ ಪಡುವಣಕ್ಕೆ ಕೆಲವು ಹರದಾರಿ ನಡೆದರೆ ಕಿವಿಗೆ ಬೀಳುವ ಮರಾಠಿಯಲ್ಲಿಯೂ ಬೂದುಗುಂಬಳ ‘ಕೊಹಳಾ’, ಕೆಂಪಿನದು ‘ಭೋಪಳಾ’. ಗೋಕಾಕ, ಅದರಿಂದ ಈಚೆಗೆ ಬೇರೆಯಾಗಿ ತಾಲೂಕಾದ ಮೂಡಲಗಿ, ಹುಕ್ಕೇರಿ – ಈ ಸೀಮೆಯ ಒಕ್ಕಲಿಗರಾದರೋ ಬಂದವನಿಗೆ ಮನೆಯ ಹೆಸರನ್ನೇ ಕೊಟ್ಟುಬಿಟ್ಟರು. ಹಳಬನೇ ‘ಬೂದು’ ಎಂಬ ವಿಶೇಷಣವನ್ನು ಹಚ್ಚಿಕೊಂಡು ತನ್ನ ಗುರುತು ಹೇಳಬೇಕಾಯಿತು.

1510ರಲ್ಲಿ ಪೋರ್ತುಗೀಜರು ಗೋವೆಯನ್ನು ಕಿತ್ತುಕೊಂಡದ್ದು ಬಿಜಾಪುರದ ಆದಿಲಶಾಹಿಯಿಂದ. ಹುಕ್ಕೇರಿಯೂ ಆ ಆಳಿಕೆಗೆ ಸೇರಿದ ಊರೇ. ಆ ಕಾಲದ ಗುಮ್ಮಟಗಳು ಅಲ್ಲಿ ಇನ್ನೂ ನಿಂತಿವೆ. ಅರಸರು ಕಾದಾಡುತ್ತಿದ್ದರೂ ಹೇರೆತ್ತುಗಳು ಘಟ್ಟ ಹತ್ತುವದನ್ನು ಬಿಡಲಿಲ್ಲ. ಅವುಗಳ ಬೆನ್ನೇರಿಯೇ ಬೀಜವೂ ಬಂದಿರಬೇಕು. ಗುಮ್ಮಟ ಕಟ್ಟಿಸಿದವರಿಗೆ ಇತಿಹಾಸವುಂಟು. ಬೀಜ ತಂದವರಿಗೆ ಶಾಸನವಿಲ್ಲ.

ಇದು ಇಷ್ಟು ಬೇಗ ಒಗ್ಗಿದ್ದೇಕೆ? ಇದಕ್ಕೆ ಹೊಲ ಬೇಕಿಲ್ಲ, ತಿಪ್ಪೆಯ ಮಗ್ಗುಲು ಸಾಕು. ಮುಂಗಾರಿನ ಹದಕ್ಕೆ ಗುಂಡಿ ತೆಗೆದು, ಕಳಿತ ಸಗಣಿಗೊಬ್ಬರ ತುಂಬಿ, ನಾಲ್ಕು ಬೀಜ ಊರಿ, ಗಟ್ಟಿಯಾದ ಎರಡು ಸಸಿಗಳನ್ನು ಉಳಿಸುವದು. ಮೊದಲಿಗೆ ಬರುವವೆಲ್ಲ ಗಂಡುಹೂಗಳು. ಬುಡದಲ್ಲಿ ಪುಟ್ಟ ಹೀಚನ್ನು ಹೊತ್ತ ಹೆಣ್ಣುಹೂ ತಡವಾಗಿ ಕಾಣಿಸುತ್ತದೆ. ನಸುಕಿನಲ್ಲಿ ಅರಳಿ ಹೊತ್ತೇರುವಷ್ಟರಲ್ಲಿ ಮುದುಡುವ ಆ ಹೂವಿಗೆ ಜೇನು ಬಾರದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ಆಗ ಗಂಡುಹೂವನ್ನು ಕಿತ್ತು ಕೈಯಾರೆ ಸವರಬೇಕು. ಕಾಯಿ ದೊಡ್ಡದಾಗಬೇಕಾದರೆ ಬಳ್ಳಿಗೆ ಒಂದೋ ಎರಡೋ ನಿಲ್ಲಿಸಿ ಉಳಿದ ಹೀಚನ್ನು ಪಲ್ಯಕ್ಕೆ ಕೊಯ್ಯಬೇಕು, ಕುಡಿ ಚಿವುಟಬೇಕು, ಕಾಯಿಯ ಕೆಳಗೆ ಹುಲ್ಲಿನ ಸಿಂಬಿ ಇಡಬೇಕು. 2023ರಲ್ಲಿ ಕ್ಯಾಲಿಫೋರ್ನಿಯದ ಸ್ಪರ್ಧೆಯೊಂದರಲ್ಲಿ 1,247 ಕಿಲೋ ತೂಗಿದ ಕಾಯಿಯೊಂದು ಗೆದ್ದಿತು. ಅದರ ಜಾತಿ ಬೇರೆ. ಆದರೂ ಅಂಥ ಬೆಳೆಗಾರರ ಗುಟ್ಟೂ ಇದೇ. ಆದರೆ ಅದು ತಕ್ಕಡಿಗಾಗಿ ಬೆಳೆದ ಕಾಯಿ, ನಮ್ಮದು ಒಲೆಗಾಗಿ.

ಬಲಿತ ಕಾಯಿ ತಿಂಗಳುಗಟ್ಟಲೆ ಕೆಡದೆ ಅಟ್ಟದ ಮೇಲಿರುತ್ತದೆ. ಒಡೆದ ಕಾಯಿಯಾದರೋ ಎರಡು ದಿನ ತಾಳದು. ಹತ್ತು ಹದಿನೈದು ಕಿಲೋದ ಕಾಯಿಯನ್ನು ಹೆಚ್ಚಿದ ಮನೆಯವರು ಪಲ್ಯ ಮಾಡಿ, ಬೆಲ್ಲ ಹಾಕಿ ಗಾರಿಗೆ ಕರಿದು, ಆ ಮೇಲೂ ಉಳಿದದ್ದನ್ನು ಓಣಿಗೆಲ್ಲ ಹೋಳು ಹೋಳಾಗಿ ಕೊಡಲೇಬೇಕಾಗುತ್ತಿತ್ತು. ಹೋಳಿನ ಜೊತೆಗೆ ತಿರುಳಿಗಂಟಿದ ಬೀಜವೂ ಹೋಗುತ್ತಿತ್ತು. ಪಡೆದವರು ಅದನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿ ಮುಂದಿನ ಮಳೆಗೆ ಊರುತ್ತಿದ್ದರು. ಗೋವೆಯ ಬಂದರಿನಿಂದ ಮೂಡಲಗಿಯ ಎರೆಭೂಮಿಯವರೆಗೆ ಈ ಬಳ್ಳಿಯನ್ನು ಹಬ್ಬಿಸಿದ್ದು ಕಾಯಿಯ ಈ ದೊಡ್ಡತನವೇ ಎಂದು ನನ್ನ ನಂಬಿಕೆ.

ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಚಂದನ್’ ಒಳ್ಳೆಯ ತಳಿ. ತಿರುಳು ಸಿಹಿ, ಕಾಯಿ ಎರಡು ಮೂರು ಕಿಲೋ. ನಾಲ್ಕು ಜನರ ಮನೆಗೆ ಅದು ತಕ್ಕದ್ದೇ. ಒಂದು ಸಂಜೆಗೆ ಸಾರಿಗೆ, ಮರುದಿನ ಪಲ್ಯಕ್ಕೆ ಸರಿಹೋಗುತ್ತದೆ. ನೆರೆಮನೆಗೆ ಹೋಳು ಹೋಗುವದಿಲ್ಲ. ಬೀಜ ಸಿಪ್ಪೆಯೊಂದಿಗೆ ಕಸದ ಗಾಡಿಗೆ ಬೀಳುತ್ತದೆ.