ಮೋಟಾರು ಪಂದ್ಯದ ಜಮಾ–ಖರ್ಚು

ನಮ್ಮ ಕರಾವಳಿಯ ಕಂಬಳವನ್ನು ಬಲ್ಲವರಿಗೆ ಮೋಟಾರು ಪಂದ್ಯದ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಣಗಳ ಯಜಮಾನನು ವರ್ಷವಿಡೀ ಅವುಗಳಿಗೆ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿಸಿ, ಆಳುಗಳನ್ನಿಟ್ಟು ಸಾಕುತ್ತಾನೆ. ಗೆದ್ದರೆ ಕೈಗೆ ಬರುವುದು ಒಂದೆರಡು ಪವನು ಚಿನ್ನ. ಖರ್ಚಿನ ಮುಂದೆ ಆ ಬಹುಮಾನ ಏನೇನೂ ಅಲ್ಲ. ಆದರೂ ಮರುವರ್ಷ ಕೋಣಗಳು ಗದ್ದೆಗಿಳಿಯದೆ ಇರುವುದಿಲ್ಲ. ಅದು ಲಾಭದ ಮಾತಲ್ಲ, ಮನೆತನದ ಮರ್ಯಾದೆಯ ಮಾತು. ಮೋಟಾರು ಪಂದ್ಯವು ಹುಟ್ಟಿದ್ದೂ ಹೀಗೆಯೇ, ಹಣವಂತರ ಪ್ರತಿಷ್ಠೆಯಿಂದ. ಆದರೆ ನೂರು ವರ್ಷಗಳಲ್ಲಿ ಅದು ಒಂದು ದೊಡ್ಡ ವ್ಯಾಪಾರವಾಗಿ ಬೆಳೆದಿದೆ. ಆ ವ್ಯಾಪಾರದಲ್ಲಿ ಜಮಾ ಯಾರ ಹೆಸರಿಗೆ, ಖರ್ಚು ಯಾರ ಹೆಸರಿಗೆ ಎಂಬುದನ್ನು ನೋಡುವುದೇ ಈ ಲೇಖನದ ಉದ್ದೇಶ. ಮುಂಬಯಿಗೂ ಕನ್ನಡ ನಾಡಿಗೂ ಈ ಲೆಕ್ಕದಲ್ಲಿ ಪಾಲುಂಟು.

ಯೂರೋಪಿನ ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. 1894ರಲ್ಲಿ ಪ್ಯಾರಿಸಿನಿಂದ ರುಆಂ ನಗರದವರೆಗೆ ಕುದುರೆಯಿಲ್ಲದ ಗಾಡಿಗಳ ಸ್ಪರ್ಧೆ ನಡೆಯಿತು. 1906ರಲ್ಲಿ ಲ ಮಾನ್ಸ್ ಎಂಬಲ್ಲಿ ಮೊದಲ ಫ್ರೆಂಚ್ ಗ್ರಾನ್ ಪ್ರೀ ನಡೆಯಿತು. 1950ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಮೈದಾನದಲ್ಲಿ ಇಂದಿನ ಫಾರ್ಮುಲಾ ಒನ್ ವಿಶ್ವ ಪಂದ್ಯಾವಳಿಗೆ ಆರಂಭವಾಯಿತು. ಸಿಲ್ವರ್‌ಸ್ಟೋನ್ ಯುದ್ಧಕಾಲದ ವಿಮಾನ ನಿಲ್ದಾಣ. ಯುದ್ಧವು ಮುಗಿದ ಮೇಲೆ ಬರಿದಾಗಿ ಬಿದ್ದಿದ್ದ ಓಡುದಾರಿಗಳೇ ಅನೇಕ ಕಡೆ ಪಂದ್ಯದ ಅಂಗಳಗಳಾದವು. ನಮ್ಮ ದೇಶದಲ್ಲಿಯೂ ಹಾಗೆಯೇ ಆಯಿತು.

ನಮ್ಮ ಮುಂಬಯಿಯು ಈ ವಿಷಯದಲ್ಲಿ ಹಿಂದೆ ಬಿದ್ದ ಊರಲ್ಲ. 1904ರ ಕೊನೆಯಲ್ಲಿಯೇ ದಿಲ್ಲಿಯಿಂದ ಮುಂಬಯಿಗೆ ಮೋಟಾರುಗಳ ಪರೀಕ್ಷಾ ಓಟವೊಂದು ನಡೆದಿತ್ತು. 1908ರ ಸುಮಾರಿಗೆ ನಡೆದ ಮುಂಬಯಿ–ಕೊಲ್ಲಾಪುರ ಪರೀಕ್ಷೆ ಇನ್ನೂ ಪ್ರಸಿದ್ಧವಾದುದು. ಘಟ್ಟಗಳನ್ನು ಹತ್ತಿಳಿಯುವ 620 ಮೈಲಿಗಳ ಆ ಹಾದಿಯಲ್ಲಿ 'ಪೂರ್ವದ ಮುತ್ತು' ಎಂಬ ಅಡ್ಡಹೆಸರಿನ ರೋಲ್ಸ್‌ರಾಯ್ಸ್ ಗಾಡಿ ಹೆಸರು ಗಳಿಸಿತು. ಮುಂದೆ ಅದನ್ನು ಗ್ವಾಲಿಯರಿನ ಮಹಾರಾಜರು ಕೊಂಡುಕೊಂಡರು. ಇಂದು ನಾವು ನಿಪ್ಪಾಣಿ, ಬೆಳಗಾವಿಗಳಿಗೆ ಬಸ್ಸಿನಲ್ಲಿ ತೂಕಡಿಸುತ್ತ ಹೋಗುವ ದಿಕ್ಕಿನಲ್ಲಿಯೇ ಅಂದು ಈ ಸಾಹಸ ನಡೆದಿತ್ತು. ಆ ಕಾಲದ ಪಂದ್ಯವೆಂದರೆ ನಿಜವಾಗಿ ಮಾರಾಟದ ಜಾಹೀರಾತು. ಘಟ್ಟ ಹತ್ತಿದ ಗಾಡಿಯನ್ನು ರಾಜರು ಕೊಳ್ಳುತ್ತಿದ್ದರು. ಖರ್ಚು ಗಾಡಿ ತಯಾರಿಸಿದವನದು, ಲಾಭವೂ ಅವನದೇ. ಲೆಕ್ಕ ಸರಳವಾಗಿತ್ತು.

1968ರಲ್ಲಿ ಜಗತ್ತಿನ ಕಣ್ಣು ಮತ್ತೊಮ್ಮೆ ಮುಂಬಯಿಯ ಮೇಲೆ ಬಿದ್ದಿತು. ಆ ವರ್ಷ ನವೆಂಬರ್ 24ರಂದು ಲಂಡನ್ನಿನಿಂದ 98 ಕಾರುಗಳು ಸಿಡ್ನಿಯತ್ತ ಹೊರಟವು. ತುರ್ಕಸ್ಥಾನ, ಇರಾನು, ಕಾಬೂಲು, ದಿಲ್ಲಿಗಳ ಮೂಲಕ ಸುಮಾರು 7,000 ಮೈಲಿ ಕ್ರಮಿಸಿ, ಡಿಸೆಂಬರಿನ ಮೊದಲ ದಿನ ಮುಂಬಯಿ ಮುಟ್ಟುವಷ್ಟರಲ್ಲಿ ಉಳಿದವು ಎಪ್ಪತ್ತರಷ್ಟು ಮಾತ್ರ. ಇಲ್ಲಿಯ ಬಂದರಿನಿಂದ 'ಚೂಸಾನ್' ಎಂಬ ಹಡಗು ಅವನ್ನು ಆಸ್ಟ್ರೇಲಿಯಕ್ಕೆ ಹೊತ್ತೊಯ್ದಿತು. ಗೆದ್ದವನು ಆಂಡ್ರ್ಯೂ ಕೋವನ್, ಬಹುಮಾನ 10,000 ಪೌಂಡು. ಪಂದ್ಯವನ್ನು ಹೂಡಿದವು ಲಂಡನ್ನಿನ ಮತ್ತು ಸಿಡ್ನಿಯ ಒಂದೊಂದು ದಿನಪತ್ರಿಕೆ. ವಾಚಕರು ಗಮನಿಸಬೇಕು: ಇಲ್ಲಿ ಮಾರಾಟಕ್ಕಿದ್ದುದು ಕಾರಲ್ಲ, ಪಂದ್ಯದ ಸುದ್ದಿ. ವ್ಯಾಪಾರದ ರೀತಿ ಬದಲಾಗುತ್ತಿತ್ತು.

ಅತ್ತ ಮದರಾಸಿನ ಬಳಿಯ ಷೋಳವರಂನ ಹಳೆಯ ವಿಮಾನ ಓಡುದಾರಿಯಲ್ಲಿ 1950ರ ದಶಕದಿಂದಲೇ ಪಂದ್ಯಗಳು ನಡೆಯುತ್ತಿದ್ದವು. ವಿದೇಶೀ ಕಾರುಗಳ ಆಮದಿಗೆ ಸರಕಾರವು ಬಾಗಿಲು ಮುಚ್ಚಿದ್ದ ಕಾಲ ಅದು. ರಾಜಮನೆತನದವರ ಬಳಿ ಹಳೆಯ ಜಾಗ್ವಾರುಗಳಿದ್ದವು. ಉಳಿದವರು ಕುರ್ಲಾದ ಪ್ರೀಮಿಯರ್ ಕಾರ್ಖಾನೆಯ ಫಿಯಟ್ಟನ್ನೋ, ಅಂಬಾಸಡರನ್ನೋ ಬಿಚ್ಚಿ, ಕೆತ್ತಿ, ಹಗುರಮಾಡಿ ಪಂದ್ಯಕ್ಕೆ ಇಳಿಸುತ್ತಿದ್ದರು. ಕೈಕಸುಬಿನ ಬಲದ ಮೇಲೆ ನಡೆದ ಪಂದ್ಯಗಳು ಅವು. 1980ರ ದಶಕದ ಆರಂಭದಲ್ಲಿ ಇದೇ ಷೋಳವರಂನಲ್ಲಿ ಎನ್ಸೈನ್ ಎಂಬ ನಿಜವಾದ ಫಾರ್ಮುಲಾ ಕಾರನ್ನು ಓಡಿಸಿದ ತರುಣರೊಬ್ಬರಿದ್ದರು. ಅವರೇ ಬೆಂಗಳೂರಿನ ಉದ್ಯಮಿ ವಿಜಯ ಮಲ್ಯ. ಅವರ ವಿಷಯವು ಮುಂದೆ ಬರುತ್ತದೆ.

ಈಗ ಫಾರ್ಮುಲಾ ಒನ್ ವ್ಯಾಪಾರದ ಒಳಗುಟ್ಟನ್ನು ನೋಡೋಣ. 1968ರಲ್ಲಿ ಲೋಟಸ್ ತಂಡವು ತನ್ನ ಕಾರಿಗೆ ಸಿಗರೇಟಿನ ಕಂಪನಿಯೊಂದರ ಬಣ್ಣ ಬಳಿಯಿತು. ಅಂದಿನಿಂದ ಕಾರು ಓಡುವ ಜಾಹೀರಾತಿನ ಹಲಗೆಯಾಯಿತು. ಆ ಮೇಲೆ ಬರ್ನಿ ಎಕಲ್‌ಸ್ಟೋನ್ ಎಂಬ ಚತುರ ವ್ಯಾಪಾರಿ ದೂರದರ್ಶನದ ಹಕ್ಕುಗಳನ್ನು ಒಂದೆಡೆ ಕೂಡಿಸಿ, ಇಡೀ ಪಂದ್ಯಾವಳಿಯನ್ನು ಒಂದೇ ಅಂಗಡಿಯನ್ನಾಗಿ ಮಾಡಿದ. 2017ರಲ್ಲಿ ಅಮೆರಿಕದ ಲಿಬರ್ಟಿ ಮೀಡಿಯಾ ಸಂಸ್ಥೆ ಈ ಅಂಗಡಿಯನ್ನು ಕೊಂಡಾಗ ಸಾಲವೂ ಸೇರಿ ಅದರ ಬೆಲೆ ಸುಮಾರು 800 ಕೋಟಿ ಡಾಲರು. ಅಂಗಡಿಯ ನಿಯಮ ಹೀಗಿದೆ: ಪಂದ್ಯ ಬೇಕೆನ್ನುವ ದೇಶದವನು ತನ್ನ ಹಣದಿಂದಲೇ ರಸ್ತೆ, ಮೆಟ್ಟಿಲು, ಮಂಟಪಗಳನ್ನು ಕಟ್ಟಬೇಕು. ಅದರ ಮೇಲೆ ಪ್ರತಿ ವರ್ಷ ಅಂಗಡಿಗೆ ದೊಡ್ಡ ಶುಲ್ಕ ತೆರಬೇಕು. ಅವನಿಗೆ ಮುಖ್ಯವಾಗಿ ಉಳಿಯುವುದು ಟಿಕೇಟಿನ ಹಣ. ದೂರದರ್ಶನದ ಆದಾಯ, ಅಂಗಳದ ಸುತ್ತಣ ಜಾಹೀರಾತಿನ ಆದಾಯ ಅಂಗಡಿಯದು. ಮದುವೆಯ ಖರ್ಚೆಲ್ಲ ಹೆಣ್ಣಿನ ತಂದೆಯದು, ಮುಯ್ಯಿ ಮಾತ್ರ ಬೀಗರ ಪೆಟ್ಟಿಗೆಗೆ ಎಂದಂತೆ!

2011ರ ಅಕ್ಟೋಬರ್ 30ರಂದು ದಿಲ್ಲಿಯ ಬಳಿಯ ಗ್ರೇಟರ್ ನೊಯಿಡಾದಲ್ಲಿ ಜೇಪೀ ಸಮೂಹವು ನೂರಾರು ಕೋಟಿ ರೂಪಾಯಿ ಸುರಿದು ಕಟ್ಟಿದ ಬುದ್ಧ ಅಂಗಳದಲ್ಲಿ ಮೊದಲ ಭಾರತೀಯ ಗ್ರಾನ್ ಪ್ರೀ ನಡೆಯಿತು. ಮೂರು ವರ್ಷ ನಡೆದ ಮೂರು ಪಂದ್ಯಗಳಲ್ಲಿಯೂ ಗೆದ್ದವನು ಜರ್ಮನಿಯ ಸೆಬಾಸ್ಟಿಯನ್ ವೆಟಲ್. ಪಂದ್ಯ ಹೂಡುವ ಹಕ್ಕಿಗೆ ಒಪ್ಪಂದದಂತೆ ಶುಲ್ಕ 4 ಕೋಟಿ ಡಾಲರು. ಇದು ಕ್ರೀಡೆಯಲ್ಲ, ಮನರಂಜನೆ ಎಂದು ಉತ್ತರಪ್ರದೇಶದ ಸರಕಾರವು ತೆರಿಗೆ ಕೇಳಿತು. ಆದಾಯ ತೆರಿಗೆಯ ಇಲಾಖೆಯೂ ಪ್ರಶ್ನೆ ಎತ್ತಿತು. 2013ರ ನಂತರ ಅಲ್ಲಿ ಫಾರ್ಮುಲಾ ಒನ್ ಓಡಲಿಲ್ಲ.

ಆದಾಯ ತೆರಿಗೆಯ ವ್ಯಾಜ್ಯವು ಲೆಕ್ಕಶಾಸ್ತ್ರ ಓದಿದವರಿಗೆ ಬಹು ಸ್ವಾರಸ್ಯವಾದುದು. ನಾವು ವರ್ಷಕ್ಕೆ ಕೆಲವೇ ದಿನ ಬಂದು ಹೋಗುವವರು, ನಮಗೆ ಭಾರತದಲ್ಲಿ ಖಾಯಂ ನೆಲೆಯೆಲ್ಲಿದೆ ಎಂಬುದು ವಿದೇಶೀ ಸಂಸ್ಥೆಯ ವಾದ. ದಿನಗಳು ಕೆಲವೇ ಆಗಿರಬಹುದು, ಆದರೆ ಆ ದಿನಗಳಲ್ಲಿ ಇಡೀ ಅಂಗಳವೂ ಅದರ ವ್ಯಾಪಾರವೂ ನಿಮ್ಮ ಹಿಡಿತದಲ್ಲಿಯೇ ಇದ್ದವು, ಆದ್ದರಿಂದ ಅದು ನಿಮ್ಮ ನೆಲೆಯೇ ಎಂದು ಸುಪ್ರೀಂ ಕೋರ್ಟು 2017ರ ಏಪ್ರಿಲ್ 24ರಂದು ತೀರ್ಪಿತ್ತಿತು. ಇಲ್ಲಿ ಗಳಿಸಿದ ಲಾಭಕ್ಕೆ ಇಲ್ಲಿಯೇ ತೆರಿಗೆ ಕೊಡಬೇಕೆಂಬ ತತ್ತ್ವ ಇದರಿಂದ ಗಟ್ಟಿಯಾಯಿತು. ಅಂಗಳ ಕಟ್ಟಿದ ಜೇಪೀ ಸಮೂಹದ ಮುಖ್ಯ ಕಂಪನಿಯಾದರೋ 2024ರಲ್ಲಿ ದಿವಾಳಿ ಕಾನೂನಿನ ಪ್ರಕ್ರಿಯೆಗೆ ಒಳಗಾಯಿತು. ಅದರ ಸಂಕಟಕ್ಕೆ ಪಂದ್ಯವೊಂದೇ ಕಾರಣವೆನ್ನಲಾಗದು. ಆದರೆ ಪಂದ್ಯವು ಅದನ್ನು ಉದ್ಧರಿಸಲಿಲ್ಲ ಎಂಬುದೂ ಅಷ್ಟೇ ನಿಜ.

ಈಗ ನಮ್ಮವರ ಕಥೆ. 2007ರಲ್ಲಿ ಮಲ್ಯರು ಡಚ್ ಪಾಲುದಾರರೊಬ್ಬರೊಡನೆ ಸ್ಪೈಕರ್ ತಂಡವನ್ನು 8 ಕೋಟಿ 80 ಲಕ್ಷ ಯೂರೋಗಳಿಗೆ ಕೊಂಡು, 'ಫೋರ್ಸ್ ಇಂಡಿಯಾ' ಎಂದು ಹೆಸರಿಟ್ಟರು. 2009ರಲ್ಲಿ ಬೆಲ್ಜಿಯಮಿನ ಸ್ಪಾದಲ್ಲಿ ಅವರ ಚಾಲಕ ಫಿಸಿಕೆಲ್ಲಾ ಎರಡನೆಯವನಾಗಿ ಬಂದ. 2016 ಮತ್ತು 2017ರಲ್ಲಿ ತಂಡವು ಜಗತ್ತಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಸ್ವಲ್ಪ ಹಣದಲ್ಲಿ ಹೆಚ್ಚು ಸಾಧಿಸಿದ ತಂಡವೆಂದು ಬಲ್ಲವರು ಹೊಗಳಿದರು. ಆ ಹೊಗಳಿಕೆ ನ್ಯಾಯವಾದದ್ದೇ. ಆದರೆ 2018ರ ಜುಲೈಯಲ್ಲಿ ತಂಡವು ಸಾಲ ತೀರಿಸಲಾರದೆ ಆಡಳಿತಾಧಿಕಾರಿಗಳ ಕೈಸೇರಿತು. ಆ ಕ್ರಮಕ್ಕೆ ಮೊದಲು ಮುಂದಾದವನು ಬಾಕಿ ಬರಬೇಕಿದ್ದ ಅದರ ಚಾಲಕ ಪೆರೆಜನೇ. ಬೇರೆಯವರು ಕೊಂಡುದರಿಂದ ನಾನ್ನೂರಕ್ಕೂ ಮಿಕ್ಕ ನೌಕರರ ಕೆಲಸ ಉಳಿಯಿತು. ಇಂದು ಅದೇ ತಂಡವು ಆಸ್ಟನ್ ಮಾರ್ಟಿನ್ ಎಂಬ ಹೆಸರಿನಿಂದ ಓಡುತ್ತಿದೆ.

ಇತ್ತ ಅವರ ಕಿಂಗ್‌ಫಿಷರ್ ವಿಮಾನ ಕಂಪನಿಯ ನೌಕರರಿಗೆ ಅಂಥ ಭಾಗ್ಯವಿರಲಿಲ್ಲ. 2012ರ ಅಕ್ಟೋಬರಿನಲ್ಲಿ ವಿಮಾನಗಳು ನೆಲಕ್ಕಿಳಿದವು, ಸಂಬಳ ಬಾಕಿಯಾಗಿಯೇ ಉಳಿಯಿತು. ಸಾಲ ಕೊಟ್ಟ ಬ್ಯಾಂಕುಗಳ ಪಟ್ಟಿಯಲ್ಲಿ 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕೂ ಇತ್ತು, 1913ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಹುಟ್ಟಿದ ಮೈಸೂರು ಬ್ಯಾಂಕೂ ಇತ್ತು. ಈ ಎರಡು ಹೆಸರುಗಳೂ ಇಂದು ವಿಲೀನದಲ್ಲಿ ಮರೆಯಾಗಿವೆ. 2017ರ ಜನವರಿಯಲ್ಲಿ ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿಯು 6,203 ಕೋಟಿ ರೂಪಾಯಿ ಅಸಲಿಗೆ ಶೇಕಡಾ 11.5ರ ಬಡ್ಡಿ ಸೇರಿಸಿ ವಸೂಲಿಗೆ ಆಜ್ಞೆ ಮಾಡಿತು. ವಿಲೇಪಾರ್ಲೆಯಲ್ಲಿ ವಿಮಾನ ನಿಲ್ದಾಣದ ಬಳಿ ಇರುವ ಕಿಂಗ್‌ಫಿಷರ್ ಭವನವನ್ನು 2016ರಲ್ಲಿ 150 ಕೋಟಿಗೆ ಹರಾಜಿಗಿಟ್ಟಾಗ ಕೇಳುವವರೇ ಇರಲಿಲ್ಲ. 2021ರಲ್ಲಿ ಅದು ಹೋದದ್ದು 52 ಕೋಟಿ ಚಿಲ್ಲರೆಗೆ. ಒಟ್ಟಿನಲ್ಲಿ 14,131 ಕೋಟಿ ರೂಪಾಯಿ ಬ್ಯಾಂಕುಗಳಿಗೆ ಹಿಂದಿರುಗಿದೆಯೆಂದು 2024ರ ಡಿಸೆಂಬರಿನಲ್ಲಿ ಅರ್ಥ ಸಚಿವರು ಲೋಕಸಭೆಯಲ್ಲಿ ತಿಳಿಸಿದರು. ಸಾಲದ ಹಣವು ಪಂದ್ಯದ ತಂಡದತ್ತ ಹರಿಯಿತೆಂಬ ಆರೋಪವನ್ನು ತನಿಖೆಯವರು ಮಾಡಿದ್ದಾರೆ, ಮಲ್ಯರು ತಪ್ಪು ಮಾಡಿಲ್ಲವೆನ್ನುತ್ತಾರೆ. ಅದರ ನಿರ್ಣಯ ನ್ಯಾಯಾಲಯಕ್ಕೆ ಸೇರಿದ್ದು. ನಮ್ಮಂಥ ಗುಮಾಸ್ತರು ಹೇಳಬಹುದಾದುದು ಇಷ್ಟೇ: ಬ್ಯಾಂಕಿನ ಹಣವೆಂದರೆ ಬ್ಯಾಂಕಿನದಲ್ಲ. ಹೋಟೆಲಿನ ಮಾಣಿ, ಗಿರಣಿಯ ಕೆಲಸಗಾರ, ಪಿಂಚಣಿದಾರ ವಿಧವೆ ತಂದಿಟ್ಟ ಠೇವಣಿ ಅದು. ಕಂಬಳದ ಯಜಮಾನನು ಸೋತರೆ ತನ್ನ ಗದ್ದೆ ಅಡವಿಡುತ್ತಾನೆ, ನೆರೆಯವನ ಗದ್ದೆಯನ್ನಲ್ಲ.

ಹಾಗೆಂದು ಪಂದ್ಯವೇ ಬೇಡವೆಂದು ಹೇಳುವುದು ಸರಿಯಲ್ಲ. ಬೆಂಗಳೂರಿನ ಚೇತನ್ ಮೈನಿಯವರು 2001ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದಾಗ ನಕ್ಕವರೇ ಬಹಳ. 2010ರಲ್ಲಿ ಮುಂಬಯಿಯ ಮಹೀಂದ್ರ ಸಂಸ್ಥೆ ಆ ಕಂಪನಿಯನ್ನು ತನ್ನದಾಗಿಸಿಕೊಂಡಿತು. 2014ರಲ್ಲಿ ವಿದ್ಯುತ್ ಕಾರುಗಳ ಫಾರ್ಮುಲಾ ಈ ಪಂದ್ಯಾವಳಿ ಆರಂಭವಾದಾಗ ಮೊದಲ ವರ್ಷದಿಂದಲೇ ಕಣಕ್ಕಿಳಿದ ಭಾರತದ ತಂಡ ಮಹೀಂದ್ರದ್ದು. 2017ರಲ್ಲಿ ಬರ್ಲಿನಿನಲ್ಲಿ ಅದು ಗೆದ್ದಿತು. ಪಂದ್ಯದ ಖರ್ಚನ್ನು ಕಾರ್ಖಾನೆಯ ಕಲಿಕೆಯ ಖಾತೆಗೆ ಬರೆದುಕೊಳ್ಳುವ ಮಾರ್ಗವಿದು. ಹಳೆಯ ಕೊಲ್ಲಾಪುರದ ಹಾದಿಯ ನೀತಿಯೇ ಮತ್ತೆ ಬಂದಂತಾಯಿತು.

ಚಾಲಕರೂ ಬೆಳೆಯುತ್ತಿದ್ದಾರೆ. ಮುಂಬಯಿಯ ಜೆಹಾನ್ ದಾರುವಾಲಾ 2020ರಲ್ಲಿ ಫಾರ್ಮುಲಾ ಟೂ ಪಂದ್ಯ ಗೆದ್ದ ಮೊದಲ ಭಾರತೀಯನಾದ. ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೋದಲ್ಲಿ ಅದೇ ವರ್ಗದ ಪಂದ್ಯವನ್ನು ಗೆದ್ದ. ಆದರೆ ಚಿಕ್ಕಂದಿನಿಂದ ಕಾರ್ಟುಗಳಲ್ಲಿ, ಆ ಮೇಲೆ ವಿದೇಶಗಳಲ್ಲಿ ಕಲಿಯಬೇಕಾದ ಈ ವಿದ್ಯೆಯ ವೆಚ್ಚವನ್ನು ಹೊರಬಲ್ಲ ಮನೆಗಳು ಎಷ್ಟಿವೆ? ಡೊಂಬಿವಲಿಯ ಚಾಳಿನ ಹುಡುಗನಲ್ಲಿಯೂ, ಹಾಸನದ ಗ್ಯಾರೇಜಿನ ಹುಡುಗನಲ್ಲಿಯೂ ಆ ಕೈಚಳಕ ಇಲ್ಲವೆಂದು ಯಾರು ಹೇಳಬಲ್ಲರು? ಅಂಗಳಕ್ಕೆ, ವೈಭವಕ್ಕೆ ಸುರಿದ ಹಣದ ಒಂದು ಅಂಶವನ್ನಾದರೂ ಅಂಥ ಹುಡುಗರ ಶಿಕ್ಷಣಕ್ಕೆ ತೆಗೆದಿಡುವುದು ಉಳ್ಳವರ ಧರ್ಮ. ರಾಜ್ಯೋತ್ಸವದ ಈ ದಿನ ಗೆದ್ದ ನಮ್ಮವರ ಹೆಸರನ್ನು ಅಭಿಮಾನದಿಂದ ಹೇಳೋಣ. ಜೊತೆಗೆ, ಖರ್ಚು ಯಾರದೆಂದು ಕೇಳುವ ಧೈರ್ಯವನ್ನೂ ಉಳಿಸಿಕೊಳ್ಳೋಣ.