ಅಲಗಿನಿಂದ ಹಿಡಿಗೆ: ಕಾದಾಟದ ಚೂರಿ ಸಾಗಿಬಂದ ದಾರಿ

ಚೂರಿ ಆರಿಸುವಾಗ ಹೊಸಬರು ನೋಡುವುದು ಅಲಗನ್ನು. ಆದರೆ ಕಳೆದ ಎಂಟು ದಶಕಗಳಲ್ಲಿ ಆತ್ಮರಕ್ಷಣೆಯ ಚೂರಿ ಕಂಡ ಬೆಲೆಬಾಳುವ ತಿದ್ದುಪಡಿಗಳಲ್ಲಿ ಹೆಚ್ಚಿನವು ಹಿಡಿಗೆ ಸಂಬಂಧಿಸಿದವು.

ಆಧುನಿಕ ಕಾದಾಟದ ಚೂರಿಯ ಕಥೆಯನ್ನು 1940ರ ನವೆಂಬರಿನಿಂದ ಹೇಳಬಹುದು. ಶಾಂಘೈ ಮುನ್ಸಿಪಲ್ ಪೊಲೀಸ್‌ನಲ್ಲಿ ಪಳಗಿದ್ದ ವಿಲಿಯಂ ಫೇರ್‌ಬೈರ್ನ್ ಮತ್ತು ಎರಿಕ್ ಸೈಕ್ಸ್, ಬ್ರಿಟಿಷ್ ಕಮಾಂಡೊಗಳಿಗಾಗಿ ವಿಲ್ಕಿನ್ಸನ್ ಸ್ವೋರ್ಡ್ ಕಂಪನಿಯಲ್ಲಿ ಒಂದು ಚೂರಿ ರೂಪಿಸಿದರು. ಸುಮಾರು 7 ಇಂಚಿನ ಅಲಗು, ಎರಡು ಕಡೆಯೂ ಹರಿತ, ಸೂಜಿಯಂಥ ಮೊನೆ. ತಿವಿಯಲೆಂದೇ ಮಾಡಿದ್ದು. ಮೊದಲು ಬಾಗಿದ್ದ ಅಡ್ಡಪಟ್ಟಿ 1942ರ ಹೊತ್ತಿಗೆ ನೇರವಾಯಿತು. ಯುದ್ಧಕಾಲದಲ್ಲಿ ಬೇಗ ತಯಾರಾಗಲಿ ಎಂಬುದೇ ಕಾರಣ.

ಈ ಚೂರಿಯ ಕೀರ್ತಿಯಷ್ಟೇ ಅದರ ಕೊರತೆಯೂ ಕಲಿಯುವವರಿಗೆ ಮುಖ್ಯ. ಹಿಡಿ ದುಂಡಗಿತ್ತು. ಕತ್ತಲಲ್ಲಿ ಹಿಡಿದರೆ ಹರಿತವಾದ ಅಂಚುಗಳು ಯಾವ ಕಡೆಗಿವೆಯೆಂದು ಅಂಗೈಗೆ ಗೊತ್ತಾಗುತ್ತಿರಲಿಲ್ಲ. ತೆಳು ಮೊನೆ ಮುರಿಯುತ್ತಿತ್ತು. ಫೇರ್‌ಬೈರ್ನ್ ಜೊತೆ ಕೆಲಸ ಮಾಡಿದ ಅಮೆರಿಕದ ಸೇನಾಧಿಕಾರಿ ರೆಕ್ಸ್ ಆಪಲ್‌ಗೇಟ್ ಅಗಲವಾದ ಅಲಗು, ದಪ್ಪ ಮೊನೆ, ಮೊಟ್ಟೆಯಾಕಾರದ ಹಿಡಿ ಇರುವ ಹೊಸ ಮಾದರಿಯನ್ನು ಮುಂದಿಟ್ಟರು. ಇವುಗಳಲ್ಲಿ ಹಿಡಿಯ ಬದಲಾವಣೆಯೇ ದೊಡ್ಡದೆಂದು ನನ್ನ ನಂಬಿಕೆ. ಇಂದಿಗೂ ಯಾವ ಚೂರಿಯನ್ನಾದರೂ ಕಣ್ಣು ಮುಚ್ಚಿ ಹಿಡಿದು ನೋಡಬೇಕು. ಹರಿತದ ದಿಕ್ಕು ತಿಳಿಯದಿದ್ದರೆ ಅದು ಬೇಡ.

ಫಿಲಿಪೀನ್ಸ್‌ನ ಸಮರಕಲೆ ಆರ್ನಿಸ್ ಬೇರೆ ದಾರಿ ಹಿಡಿಯಿತು. ಅಲ್ಲಿ ಬೆತ್ತದ ಕೋಲಿನಲ್ಲಿ ಕಲಿತ ಏಟಿನ ಕೋನಗಳೇ ಅಲಗಿಗೂ ಅನ್ವಯ. ಸಮರಕಲೆಯ ಗುರು ಡ್ಯಾನ್ ಇನೊಸಾಂಟೊ ಅಮೆರಿಕದಲ್ಲಿ ಇದನ್ನು ಜನಪ್ರಿಯಗೊಳಿಸಿದರು. 2009ರಲ್ಲಿ ಅದು ಫಿಲಿಪೀನ್ಸ್‌ನ ರಾಷ್ಟ್ರೀಯ ಸಮರಕಲೆಯಾಯಿತು. ಸುಮಾತ್ರಾದ ಬಾಗಿದ ಚೂರಿ ಕರಾಂಬಿತ್‌ಗೆ ಹಿಡಿಯ ತುದಿಯಲ್ಲೊಂದು ಉಂಗುರ. ಕೈ ಬೆವರಿದರೂ ಅದು ಜಾರದು. ಆದರೆ ಎದುರಾಳಿ ಕೈ ತಿರುಚಿದಾಗ ಉಂಗುರದೊಳಗಿನ ಬೆರಳಿಗೆ ಪೆಟ್ಟು. ಹೊಸಬರಿಗೆ ನಾನಿದನ್ನು ಶಿಫಾರಸು ಮಾಡಲಾರೆ.

1981ರಲ್ಲಿ ಸ್ಪೈಡರ್ಕೊ ಕಂಪನಿಯ ಮಡಚುವ ಚಾಕುವಿಗೆ ಜೇಬಿಗೆ ಸಿಕ್ಕಿಸುವ ಕ್ಲಿಪ್, ಹೆಬ್ಬೆರಳಿನಿಂದ ತೆರೆಯಲು ಅಲಗಿನಲ್ಲೊಂದು ತೂತು ಬಂದವು. ಚೂರಿ ಕೈಗೆ ಎಷ್ಟು ಬೇಗ ಸಿಗುತ್ತದೆ ಎಂಬುದೂ ವಿನ್ಯಾಸದ ಪ್ರಶ್ನೆಯಾಯಿತು. ಕೊಡಗಿನವರು ಪೀಚೆಕತ್ತಿಯನ್ನು ಮುಂದೆ ನಡುಕಟ್ಟಿನಲ್ಲೇ ಸಿಕ್ಕಿಸುವುದರಲ್ಲೂ ಈ ಲೆಕ್ಕಾಚಾರ ಕಾಣುತ್ತದೆ. 1983ರಲ್ಲಿ ಅಮೆರಿಕದ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್, ಚೂರಿ ಹಿಡಿದವನು 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಬಲ್ಲನೆಂದು ಬರೆದರು. ಅಷ್ಟರಲ್ಲಿ ಮಡಚಿದ ಚಾಕು ತೆರೆಯುವುದು ಎಷ್ಟು ಮಂದಿಗೆ ಸಾಧ್ಯ? ಕೈ ನಡುಗುವಾಗ ಓಡುವುದೇ ಒಳ್ಳೆಯ ಪಟ್ಟು ಎಂದು ಗುರುಗಳು ಮೊದಲು ಹೇಳಿಕೊಡಬೇಕು.

ತರಬೇತಿಯ ಚೂರಿಯೂ ಬೆಳೆದಿದೆ. ಜಪಾನಿನ ಐಕಿಡೊದಲ್ಲಿ ಮರದ ತಾಂತೊ (ಗಿಡ್ಡ ಚೂರಿ) ಸಾಕಾಗಿತ್ತು. ರಬ್ಬರಿನದು ಬಾಗುವುದರಿಂದ ಕಸಿಯುವ ಪಟ್ಟು ಸುಳ್ಳುಸುಳ್ಳೇ ಫಲಿಸುತ್ತದೆ. ಅಲ್ಯೂಮಿನಿಯಂ ಬಾಗುವುದಿಲ್ಲ, ಆದರೆ ಪಕ್ಕೆಲುಬಿಗೆ ತಾಗಿದರೆ ನೋವು ಖಂಡಿತ. ಕೆಲವು ಕಂಪನಿಗಳು ತಮ್ಮದೇ ಚೂರಿಯ ಮೊಂಡು ಪ್ರತಿಯನ್ನು ಮಾರುತ್ತವೆ. ಹಿಡಿ, ತೂಕ ಎರಡೂ ಅಸಲಿನಂತೆಯೇ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಭಾರತದಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಆಯುಧಕ್ಕೆ ಪರವಾನಗಿಯ ಕಟ್ಟುಪಾಡಿದೆ. ಮನೆ, ಹೊಲ, ಕಾರ್ಖಾನೆಯ ಕೆಲಸದ ಕತ್ತಿಗಳಿಗೆ ವಿನಾಯಿತಿ. ಹೀಗಾಗಿ ಕಲಿಯಲು ಬರುವವರು ಮೊದಲು ಕೊಳ್ಳಬೇಕಾದದ್ದು ಮೊಂಡು ಚೂರಿಯನ್ನೇ.